ಬಡವರ ನಿಧಿ: ತಪಸ್ಸುಕಾಲ, ಕ್ರಿಸ್‌ಮಸ್ ದಾಟಿ ವರ್ಷಪೂರ್ತಿ ನಡೆಸುವುದು ಹೇಗೆ?

ಕಾವೇರಿ_ದಂಡೆ (ಶ್ರೀರಂಗಪಟ್ಟಣ)

ಎಲ್ಲರಿಗೂ ವಂದನೆ. ನಮ್ಮದು 120 ಕುಟುಂಬಗಳ ಧರ್ಮಕೇಂದ್ರ (ಚರ್ಚ್). ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮನೆಮನೆಗೆ ಡಬ್ಬಿ ಕೊಟ್ಟು ಪಾಸ್ಖ (ಈಸ್ಟರ್) ಹಬ್ಬಕ್ಕೆ ಹಣ ಕೂಡಿಸುವುದು, ಕ್ರಿಸ್‌ಮಸ್‌ಗೆ 40 ಮನೆಗೆ ಅಕ್ಕಿ, ಕೇಕು, ಸೀರೆ ಹಂಚುವುದು. ಇಷ್ಟೇ ಪದ್ಧತಿ. ನಡುವಿನ ತಿಂಗಳುಗಳಲ್ಲಿ ಯಾರಾದರೂ ಬಾಗಿಲಿಗೆ ಬಂದರೆ ಸ್ವಾಮಿಗಳ (ಚರ್ಚಿನ ಗುರುಗಳ) ಜೇಬಿನಿಂದಲೇ ಹೋಗಬೇಕು. ಇದನ್ನು ವರ್ಷಪೂರ್ತಿ ನಡೆಯುವ ನಿಧಿ ಮಾಡಬೇಕೆಂದು ಪಾಲನಾ ಪರಿಷತ್ತಿನಲ್ಲಿ (ಚರ್ಚಿನ ಆಡಳಿತ ಸಮಿತಿ) ಮಾತಾಗಿದೆ. ಹಣ ಹೇಗೆ ಕೂಡಿಸುವುದು, ಯಾರಿಗೆ ಎಂದು ತೀರ್ಮಾನಿಸುವವರು ಯಾರು, ಏನು ಕೊಡುವುದು, ತೆಗೆದುಕೊಳ್ಳುವವರ ಮನಸ್ಸು ನೋಯದ ಹಾಗೆ ಕೊಡುವುದು ಹೇಗೆ? ತಿಳಿದವರು ವಿವರವಾಗಿ ಬರೆಯಿರಿ. ಕಥೆ ಬೇಡ, ಕೆಲಸಕ್ಕೆ ಬರುವ ವಿಷಯ ಬೇಕು.

ಗಂಜಾಂ_ಗಂಟೆ

ಮೊದಲು ಕೂಡಿಸುವ ಮಾತು. ಬೈಬಲಿನಲ್ಲಿ ಸಂತ ಪೌಲರು ಕೊರಿಂಥದ ಸಭೆಯವರಿಗೆ ಹೇಳಿದ್ದೇ ಇವತ್ತಿಗೂ ಸರಿಯಾದ ದಾರಿ: ವಾರದ ಮೊದಲನೇ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ (1 ಕೊರಿಂಥ 16:2). ವರ್ಷಕ್ಕೊಮ್ಮೆ ದೊಡ್ಡ ಮೊತ್ತವಲ್ಲ, ನಿಯಮಿತವಾಗಿ ಸಣ್ಣದು. ಎರಡನೇ ಶತಮಾನದ ಸಂತ ಜಸ್ಟಿನ್ ಭಾನುವಾರದ ಆರಾಧನೆಯನ್ನು ವಿವರಿಸುವಾಗಲೂ ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರಸ್ಥಳದವರಿಗೆ ಹೋಗುತ್ತಿತ್ತು ಎನ್ನುತ್ತಾರೆ. ಬಡವರ ಪಾಲು ಆರಾಧನೆಯ ಒಳಗೇ ಇತ್ತು, ಪಕ್ಕದಲ್ಲಿ ಇಟ್ಟ ಡಬ್ಬಿಯಾಗಿರಲಿಲ್ಲ.

ಲೆಕ್ಕ ನೋಡಿ. 120 ಮನೆಯಲ್ಲಿ 90 ಮನೆ ತಿಂಗಳಿಗೆ ಸರಾಸರಿ ₹100 ಕೊಟ್ಟರೆ ₹9,000. ಇದನ್ನು ಬಂದ ದಿನವೇ ಮೂರು ಪಾಲು ಮಾಡಿ: ₹5,400 ತಿಂಗಳ ನೆರವಿಗೆ, ₹1,800 ತುರ್ತಿಗೆ, ₹1,800 ಜೂನ್ ತಿಂಗಳ ಶಾಲಾ ಖರ್ಚಿಗೆ. ₹5,400ರಲ್ಲಿ ಒಂದು ಮನೆಗೆ ₹600ರಂತೆ 9 ಮನೆ ಆಗುತ್ತದೆ. ತಪಸ್ಸುಕಾಲದ ಡಬ್ಬಿಯ ಹಣವನ್ನು ತುರ್ತು ಪಾಲಿಗೆ ಸೇರಿಸಿ.

ಮೊತ್ತ ಬರೆದ ಲಕೋಟೆ ಬೇಡ. ಬಟ್ಟೆಯ ಚೀಲ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಲಿ, ಯಾರು ಎಷ್ಟು ಹಾಕಿದರು ಎಂದು ಪಕ್ಕದವರಿಗೂ ತಿಳಿಯಬಾರದು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಂ ಮತ್ತು ಜೊತೆಗಾರರು ಶುರುಮಾಡಿದ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯಲ್ಲಿ ಪ್ರತಿ ಕೂಟದಲ್ಲೂ ಹೀಗೆ ಗುಟ್ಟಾಗಿಯೇ ಕೂಡಿಸುತ್ತಾರೆ. ಬಡ ಸದಸ್ಯನೂ ₹5 ಹಾಕಿ ತಲೆಯೆತ್ತಿ ಕೂರಬಹುದು. ಬಡ ವಿಧವೆಯ ಎರಡು ಕಾಸನ್ನು ಯೇಸುಸ್ವಾಮಿ ಕಂಡರು. ನಾವು ಕಾಣಬೇಕಾಗಿಲ್ಲ.

ಹಾರ್ಡಿಂಜ್_ವೃತ್ತ

40 ಮನೆಗೆ ಕೊಡುತ್ತಿದ್ದದ್ದು 9 ಮನೆಗೆ ಇಳಿಯುತ್ತದಲ್ಲ? ಉಳಿದ 31 ಮನೆಯವರು ಬೇಸರ ಮಾಡಿಕೊಳ್ಳುವುದಿಲ್ಲವೇ?

ಗಂಜಾಂ_ಗಂಟೆ

ಮಾಡಿಕೊಳ್ಳುತ್ತಾರೆ, ಮೊದಲ ವರ್ಷ ಖಂಡಿತ. ಆದರೆ ಆ 40 ಮನೆ ಒಂದೇ ಥರ ಬಡವಲ್ಲ. ಭೇಟಿ ಕೊಟ್ಟು ನೋಡಿದರೆ ಕೆಲವರಿಗೆ ತಿಂಗಳೂ ದಿನಸಿ ಬೇಕು, ಕೆಲವರಿಗೆ ನಿಂತುಹೋದ ಪಿಂಚಣಿ ಮತ್ತೆ ಶುರುವಾದರೆ ಸಾಕು, ಕೆಲವರಿಗೆ ಏನೂ ಬೇಡ, ಹಿಂದಿನಿಂದ ಹೆಸರು ಪಟ್ಟಿಯಲ್ಲಿ ಉಳಿದಿದೆ ಅಷ್ಟೆ. ಹಬ್ಬದ ಉಡುಗೊರೆಯನ್ನು ಬೇಕಾದರೆ ಎಲ್ಲ 120 ಮನೆಗೂ ಒಂದೇ ರೀತಿ ಕೊಡಿ. ಅದು ಹಬ್ಬ. ಬಡವರ ನಿಧಿಗೂ ಅದಕ್ಕೂ ನಂಟು ಬೇಡ.

ಜಮಾ_ಖರ್ಚು (ಮೈಸೂರು)

ಹಲವು ಸಭೆಗಳ ಲೆಕ್ಕ ತಪಾಸಣೆಯಲ್ಲಿ ಕಣ್ಣಿಗೆ ಬೀಳುವ ತಪ್ಪು ಒಂದೇ: ಬಡವರ ಹಣ ಸಾಮಾನ್ಯ ಖಾತೆಯಲ್ಲಿ ಬೆರೆತಿರುತ್ತದೆ. ಗೋಪುರಕ್ಕೆ ಬಣ್ಣ, ಮೈಕ್ ಸೆಟ್ಟು, ಹಬ್ಬದ ಪೆಂಡಾಲು ಅಂತ "ಸದ್ಯಕ್ಕೆ" ತೆಗೆಯುತ್ತಾರೆ. ಯಾರೂ ಕದಿಯುವುದಿಲ್ಲ, ಆದರೆ ವಾಪಸ್ಸೂ ಬರುವುದಿಲ್ಲ. ಅದಕ್ಕೇ ಬೇರೆ ಖಾತೆ, ಇಬ್ಬರ ರುಜು, ಮತ್ತು ಪರಿಷತ್ತಿನ ನಡಾವಳಿ ಪುಸ್ತಕದಲ್ಲಿ ಒಂದು ಠರಾವು: ಈ ಖಾತೆಯಿಂದ ಬೇರೆ ಯಾವ ಬಾಬ್ತಿಗೂ ಸಾಲವಾಗಿಯೂ ತೆಗೆಯತಕ್ಕದ್ದಲ್ಲ.

ಎಣಿಸುವುದು ಆರಾಧನೆ ಮುಗಿದ ಕೂಡಲೇ, ಒಂದೇ ಮನೆಯವರಲ್ಲದ ಇಬ್ಬರಿಂದ. ನೋಟು, ಚಿಲ್ಲರೆ ಬೇರೆ ಬೇರೆ ಬರೆದು ಇಬ್ಬರೂ ರುಜು ಹಾಕಿ, ಸೋಮವಾರ ಬ್ಯಾಂಕಿಗೆ. ಮನೆಗೆ ಒಯ್ದು "ಆಮೇಲೆ ಎಣಿಸೋಣ" ಅನ್ನುವುದು ಬೇಡ, ಎಷ್ಟೇ ನಂಬಿಕಸ್ತರಾಗಿರಲಿ. ಪೌಲರೇ ಜೆರುಸಲೇಮಿನ ಬಡವರ ಹಣ ಒಯ್ಯುವಾಗ ಜೊತೆಗೆ ಬೇರೆಯವರನ್ನು ಕರೆದುಕೊಂಡು ಹೋದರು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಯಾರೂ ಬೆರಳು ತೋರದ ಹಾಗೆ ಇರಬೇಕು ಎಂಬ ಕಾರಣ ಕೊಟ್ಟರು (2 ಕೊರಿಂಥ 8:20-21).

ವೋಚರಿನಲ್ಲಿ ಹೆಸರು ಬರೆಯಬೇಡಿ, ಮನೆಗೊಂದು ಸಂಖ್ಯೆ ಕೊಡಿ. ಸಂಖ್ಯೆ ಯಾರದೆಂಬ ಪಟ್ಟಿ ಸ್ವಾಮಿಗಳ ಬೀರುವಿನಲ್ಲಿ ಒಂದೇ ಪ್ರತಿ ಇರಲಿ. ತಪಾಸಣೆಯವರು ಅಲ್ಲೇ ಕುಳಿತು ನೋಡಲಿ, ನಕಲು ಬೇಡ. ಮೊಬೈಲಿನಲ್ಲಿ ಆ ಪಟ್ಟಿಯ ಫೋಟೋ ಇದ್ದರೆ ಅದು ಗುಟ್ಟಲ್ಲ.

ತೆರಿಗೆ ವಿಷಯ ಚುಟುಕಾಗಿ. ಎಲ್ಲ ಚರ್ಚ್ ಟ್ರಸ್ಟಿಗೂ 80ಜಿ (ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ) ಇರುವುದಿಲ್ಲ, ಕೇಳಿಕೊಂಡು ಮಾತು ಕೊಡಿ. ಇದ್ದರೂ ₹2,000 ಮೀರಿದ ನಗದು ದಾನಕ್ಕೆ ವಿನಾಯಿತಿ ಸಿಗುವುದಿಲ್ಲ. ಹೊರದೇಶದ ಪೌರತ್ವ ಪಡೆದ ನೆಂಟರು "ಊರಿನ ಬಡವರಿಗೆ" ಎಂದು ಕಳಿಸಿದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟುವ ಹಾಗಿಲ್ಲ. ಒಬ್ಬರ ಸ್ವಂತ ಖಾತೆಗೆ ತರಿಸಿ ಹಂಚುವ ದಾರಿಯನ್ನಂತೂ ಹಿಡಿಯಲೇಬೇಡಿ.

ಮಂಡ್ಯದಕ್ಕ

ಭೇಟಿಯ ಬಗ್ಗೆ ನಾನು ಬರೆಯುತ್ತೇನೆ. ನಿಧಿ ನಿಲ್ಲುವುದೂ ಬೀಳುವುದೂ ಇಲ್ಲೇ.

ಇಬ್ಬರು ಹೋಗಬೇಕು, ಒಬ್ಬರು ಹೆಂಗಸು ಇರಲೇಬೇಕು. ಅದೇ ಬೀದಿಯವರು, ನೆಂಟರು ಬೇಡ. ಭಾನುವಾರ ಆರಾಧನೆ ಬಿಟ್ಟ ಮೇಲೆ ಗುಂಪಾಗಿ ಹೋಗಬೇಡಿ, ಇಡೀ ಬೀದಿಗೆ ಗೊತ್ತಾಗುತ್ತದೆ. ಊಟದ ಹೊತ್ತೂ ಬೇಡ, ನಿಮಗೆ ಏನಾದರೂ ಇಡಬೇಕಲ್ಲ ಎಂದು ಅವರು ಪಕ್ಕದ ಮನೆಯಿಂದ ಕಡ ತರುತ್ತಾರೆ. ನಾಟಿ, ಕಬ್ಬು ಕಡಿಯುವ ಕಾಲದಲ್ಲಿ ಕೂಲಿಯವರು ಸಂಜೆ ಆರರ ಮೇಲೆಯೇ ಸಿಗುವುದು. 20 ನಿಮಿಷ ಸಾಕು. ಕಾಫಿ ಕೊಟ್ಟರೆ ಕುಡಿಯಿರಿ, ಬೇಡ ಅನ್ನಬೇಡಿ.

ಕೈಯಲ್ಲಿ ಫಾರಂ, ಪೆನ್ನು ಹಿಡಿದು ಕೂತರೆ ಸಾಲದವರು ಬಂದ ಹಾಗಿರುತ್ತದೆ. ಮಾತಾಡಿ, ಹೊರಗೆ ಬಂದ ಮೇಲೆ ಬರೆದುಕೊಳ್ಳಿ. ಕೇಳಿ ತಿಳಿಯಬೇಕಾದದ್ದು: ಮನೆಯಲ್ಲಿ ಎಷ್ಟು ಜನ, ದುಡಿಯುವವರು ಯಾರು, ವಾರಕ್ಕೆ ಎಷ್ಟು ದಿನ ಕೆಲಸ ಸಿಗುತ್ತದೆ, ಬಿಪಿಎಲ್ ಕಾರ್ಡಲ್ಲಿ ಎಲ್ಲರ ಹೆಸರಿದೆಯೇ, ದಿನವೂ ನುಂಗುವ ಮಾತ್ರೆ ಯಾವುದು, ಬಾಡಿಗೆ ಎಷ್ಟು ತಿಂಗಳ ಬಾಕಿ, ವಾರದ ಸಂಘಕ್ಕೆ (ವಾರವಾರ ಕಂತು ಕಟ್ಟುವ ಸಾಲ) ಎಷ್ಟು ಕಟ್ಟಬೇಕು. ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ. "ಯಾವ ವಾರ ಕಷ್ಟ ಜಾಸ್ತಿ?" ಎಂದು ಕೇಳಿದರೆ ತಾನಾಗಿ ಬರುತ್ತದೆ.

ಅಲ್ಲೇ ಮಾತು ಕೊಡಬೇಡಿ. ಆದರೆ ಒಂದು ವಾರದೊಳಗೆ ಅದೇ ಇಬ್ಬರು ಮತ್ತೆ ಹೋಗಿ ಉತ್ತರ ಹೇಳಲೇಬೇಕು, ಆಗುವುದಿಲ್ಲ ಎಂದಾದರೂ. ಕೇಳಿಸಿಕೊಂಡು ಹೋದವರು ತಿರುಗಿ ಬಾರದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ಅಪೊಸ್ತಲರ (ಯೇಸುಸ್ವಾಮಿಯ ಶಿಷ್ಯರ) ಕಾಲದಲ್ಲೇ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಿದರು ಎಂಬ ಗುಣುಗು ಎದ್ದಿತ್ತು. ಆಗ ಏಳು ಜನರನ್ನು ಆರಿಸಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ದೂರು ಕೊಟ್ಟ ಕಡೆಯವರ ಕೈಗೇ ಹಂಚಿಕೆ ಕೊಟ್ಟರು! ಆದ್ದರಿಂದ ತೀರ್ಮಾನಿಸುವ ಐದು ಜನರಲ್ಲಿ ಇಬ್ಬರಾದರೂ ಕೂಲಿ ಮನೆಯವರೇ ಇರಲಿ. ಸಂಬಳದವರೇ ಕೂತರೆ "ಅವರ ಮನೇಲಿ ಟಿವಿ ಇದೆ" ಎಂಬ ಮಾತಿನಲ್ಲೇ ಸಭೆ ಮುಗಿಯುತ್ತದೆ.

ಸಂತೇಪೇಟೆ_ದಿನಸಿ

ಏನು ಕೊಡುವುದು ಎಂಬುದಕ್ಕೆ ಬರುತ್ತೇನೆ. 26 ಕೆ.ಜಿ. ಅಕ್ಕಿ ಚೀಲ ಕೊಟ್ಟರೆ ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತದೆ, ಆದರೆ ಬಿಪಿಎಲ್ ಕಾರ್ಡಿರುವ ಮನೆಯಲ್ಲಿ ಅಕ್ಕಿಯ ಕೊರತೆ ಕಡಿಮೆ. ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ 5 ಕೆ.ಜಿ., ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆ.ಜಿ. ಧಾನ್ಯ. ಅದರ ಮೇಲೆ ರಾಜ್ಯ ಸೇರಿಸಿ ಕೊಡುವುದು ಕಾಲಕಾಲಕ್ಕೆ ಬದಲಾಗುತ್ತದೆ, ಆ ತಿಂಗಳು ಏನು ಬಂದಿದೆ ಎಂದು ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ ನಂತರ ಪಟ್ಟಿ ಮಾಡಿ. ಕೊರತೆ ಇರುವುದು ಬೇಳೆ, ಎಣ್ಣೆ, ಸೋಪಿನಲ್ಲಿ.

ನಾಲ್ಕು ಜನರ ಮನೆಗೆ ತಿಂಗಳಿಗೆ: ತೊಗರಿಬೇಳೆ 2 ಕೆ.ಜಿ., ಹುರುಳಿಕಾಳು 1, ಹೆಸರುಕಾಳು ಅಥವಾ ಕಡಲೆಕಾಳು 1, ಎಣ್ಣೆ 2 ಲೀಟರ್, ಬೆಲ್ಲ 1 ಕೆ.ಜಿ., ಉಪ್ಪು 1 ಕೆ.ಜಿ., ಸಾರಿನ ಪುಡಿ ಕಾಲು ಕೆ.ಜಿ., ಟೀ ಅಥವಾ ಕಾಫಿ ಪುಡಿ ಕಾಲು ಕೆ.ಜಿ., ಮೈಸೋಪು 4, ಬಟ್ಟೆ ಸೋಪು 4. ಹರೆಯದ ಹೆಣ್ಣುಮಕ್ಕಳಿದ್ದರೆ ಪ್ಯಾಡು ಎರಡು ಪ್ಯಾಕೆಟ್, ಕಾಗದದಲ್ಲಿ ಸುತ್ತಿ. ಇಷ್ಟಕ್ಕೆ ₹600 ಸಾಲುವುದಿಲ್ಲ. ಕೈಯಲ್ಲಿರುವ ಹಣಕ್ಕೆ ಬೇಳೆ, ಎಣ್ಣೆ ಮೊದಲು, ಉಳಿದದ್ದು ಆಮೇಲೆ. ಹಣ ಕಡಿಮೆಯಾದರೆ ಮನೆಗಳ ಸಂಖ್ಯೆ ಇಳಿಸಿ, ಬೇಳೆಯ ಗುಣಮಟ್ಟ ಇಳಿಸಬೇಡಿ. ಬೇಯದ ಬೇಳೆಗೆ ಗ್ಯಾಸ್ ಎರಡರಷ್ಟು ಖರ್ಚು.

ಸಗಟಾಗಿ ತರುವುದಾದರೆ ಮೈಸೂರಿನ ಸಂತೇಪೇಟೆ ಅಥವಾ ಬಂಡಿಪಾಳ್ಯದ ಎಪಿಎಂಸಿ, ಬೆಲ್ಲಕ್ಕೆ ಮಂಡ್ಯ. ಮಳೆಗಾಲದಲ್ಲಿ ಎರಡು ತಿಂಗಳಿನದು ಒಟ್ಟಿಗೆ ತಂದಿಟ್ಟರೆ ಕಾಳಿಗೆ ಹುಳ ಬೀಳುತ್ತದೆ. ಸೋಪನ್ನೂ ಟೀ ಪುಡಿಯನ್ನೂ ಒಂದೇ ಚೀಲದಲ್ಲಿ ಹಾಕಬೇಡಿ, ಟೀ ಪೂರ್ತಿ ಸೋಪಿನ ವಾಸನೆ.

ಇಷ್ಟು ಹೇಳಿದರೂ ನನ್ನ ಮತ ಕಿಟ್‌ಗಿಂತ ಚೀಟಿಗೆ. ಊರಿನ ಒಂದು ದಿನಸಿ ಅಂಗಡಿಯ ಜೊತೆ ಮಾತಾಡಿ ₹600ರ ಚೀಟಿ ಕೊಡಿ. ಚೀಟಿಯಲ್ಲಿ ಸಂಖ್ಯೆ, ಮೊತ್ತ, ತಿಂಗಳು, ಮೊಹರು ಸಾಕು. ಚರ್ಚಿನ ಹೆಸರು, ಶಿಲುಬೆ, "ಬಡವರಿಗೆ" ಎಂಬ ಮಾತು ಇರಬಾರದು. ಅಂಗಡಿಯವರು ತಿಂಗಳ ಕೊನೆಗೆ ಚೀಟಿ ಕೂಡಿಸಿ ಬಿಲ್ಲಿನ ಜೊತೆ ತಂದರೆ ಖಾತೆಗೆ ನೇರ ಪಾವತಿ. ಬೇಕಾದ್ದನ್ನು ಅವರೇ ಆರಿಸಿಕೊಳ್ಳುತ್ತಾರೆ. ಬೈಬಲಿನ ಯಾಜಕಕಾಂಡದಲ್ಲಿ ದೇವರು ರೈತನಿಗೆ ಹೇಳಿದ್ದು ತೆನೆ ಕೊಯ್ದು ಬಡವನ ಮನೆಗೆ ಹೊತ್ತು ಹಾಕು ಎಂದಲ್ಲ. ಹೊಲದ ಅಂಚು ಕೊಯ್ಯದೆ ಬಿಡು, ಉದುರಿದ ಹಕ್ಕಲನ್ನು ಆಯಬೇಡ ಎಂದು (19:9-10). ಬೈಬಲಿನ ಬಡ ವಿಧವೆ ರೂತಳು ತನ್ನ ಕೈಯಿಂದಲೇ ಹಕ್ಕಲಾಯ್ದು ಅತ್ತೆಗೆ ತಂದಳು. ಚೀಟಿ ಅಂದರೆ ಆ ಹೊಲದಂಚು.

ಹಾರ್ಡಿಂಜ್_ವೃತ್ತ

ಚೀಟಿಯನ್ನು ಅರ್ಧ ಬೆಲೆಗೆ ಮಾರಿ ಕುಡಿಯುವವರಿದ್ದರೆ?

ಸಂತೇಪೇಟೆ_ದಿನಸಿ

ಕಿಟ್ ಕೂಡ ಮಾರಾಟವಾಗುತ್ತದೆ ಸ್ವಾಮಿ, ಅಕ್ಕಿಯಂತೂ ಬೇಗ. ಚೀಟಿಯನ್ನು ಮನೆಯ ಹೆಂಗಸಿನ ಕೈಗೇ ಕೊಡಿ, ಅಂಗಡಿಯವರಿಗೆ ಬೀಡಿ, ಸಿಗರೇಟು, ನಗದು ಕೊಡಬಾರದೆಂದು ಮೊದಲೇ ಹೇಳಿ, ತಿಂಗಳ ಬಿಲ್ಲು ನೋಡಿ. ಮೂರು ತಿಂಗಳು ಒಂದೇ ಮನೆಯ ಬಿಲ್ಲಿನಲ್ಲಿ ಬೇಳೆ, ಎಣ್ಣೆಯೇ ಇಲ್ಲದಿದ್ದರೆ ಭೇಟಿಯವರು ಹೋಗಿ ವಿಚಾರಿಸಲಿ. ಒಬ್ಬ ಕುಡಿಯುತ್ತಾನೆಂದು ಮಕ್ಕಳ ಬೇಳೆ ನಿಲ್ಲಿಸಬಾರದು.

ವಾರ್ಡ್_ನೆರವು

ತುರ್ತು ಪಾಲಿನಲ್ಲಿ ಹೆಚ್ಚು ಹೋಗುವುದು ಆಸ್ಪತ್ರೆಗೆ, ಅಲ್ಲಿ ಹಣ ಪೋಲಾಗುವುದೂ ಹೆಚ್ಚು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ದಾರಿ ತಪ್ಪಿದರೆ ಸಿಗುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ, ಮೈಸೂರಾದರೆ ಕೆ.ಆರ್. ಆಸ್ಪತ್ರೆ, ಮಂಡ್ಯವಾದರೆ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ). ಅಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ರೆಫರಲ್ ಚೀಟಿ ಪಡೆದು ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಗೆ. ಜೀವಕ್ಕೆ ಅಪಾಯವಿರುವ ತುರ್ತಿಗೆ ರೆಫರಲ್ ಬೇಕಿಲ್ಲ. ಹೆದರಿ ನೇರವಾಗಿ ಖಾಸಗಿಗೆ ಸೇರಿಸಿ, ನಾಲ್ಕನೇ ದಿನ ಬಿಲ್ಲು ಹಿಡಿದು ಚರ್ಚಿಗೆ ಬರುತ್ತಾರೆ. ಆ ಹೊತ್ತಿಗೆ ನಿಧಿಯ ವರ್ಷದ ಹಣ ಹಾಕಿದರೂ ಸಾಲದು.

ಆದ್ದರಿಂದ ನಿಧಿಯಿಂದ ಮೊದಲು ಕೊಡಬೇಕಾದದ್ದು ಜೊತೆಗೆ ಹೋಗುವ ಒಬ್ಬ ಮನುಷ್ಯ. ಪಡಿತರ ಚೀಟಿ, ರೋಗಿಯ ಆಧಾರ್, ಹಳೆಯ ಚೀಟಿಗಳು, ಎಲ್ಲದರ ಎರಡು ಜೆರಾಕ್ಸ್ ಹಿಡಿದು ಸರಿಯಾದ ಕೌಂಟರಿನಲ್ಲಿ ನಿಲ್ಲುವವರು. ಯೋಜನೆ ಮುಟ್ಟದ ಖರ್ಚಿಗೆ ಹಣ ಇಡಿ: ಜೊತೆಯಲ್ಲಿ ಮಲಗುವವರ ಊಟ, ಬಸ್ಸು, ಹೊರಗೆ ಬರೆದುಕೊಟ್ಟ ಔಷಧಿ, ನಿಂತುಹೋದ ಕೂಲಿ. ಔಷಧಿ ಅಂಗಡಿಗೆ ನೇರ ಕಟ್ಟಿ ಬಿಲ್ಲು ಪಡೆಯಿರಿ. ಊಟ, ಬಸ್ಸಿನ ಹಣವನ್ನು ಕೈಗೇ ಕೊಡಿ, ಅದಕ್ಕೆ ಬಿಲ್ಲು ಕೇಳಬೇಡಿ.

ಹಾಗೆಯೇ ಪಿಂಚಣಿ. ಸಂಧ್ಯಾ ಸುರಕ್ಷಾ ತಿಂಗಳಿಗೆ ₹1,200, ವಿಧವಾ ವೇತನ ₹800. ನಾಡಕಚೇರಿಯಲ್ಲಿ ಅರ್ಜಿ. ಬರುತ್ತಿದ್ದದ್ದು ನಿಂತಿದ್ದರೆ ಬಹಳ ಸಲ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ತಪ್ಪಿರುವುದು ಅಥವಾ ಎರಡು ಕಡೆ ಹೆಸರಿನ ಕಾಗುಣಿತ ಬೇರೆಯಾಗಿರುವುದು. ನಮ್ಮವರಲ್ಲಿ ಜ್ಞಾನಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಇರುವುದರಿಂದ ಈ ತೊಂದರೆ ಜಾಸ್ತಿ. ಅರ್ಧ ದಿನ ಅಲೆದು ಸರಿಪಡಿಸಿಕೊಟ್ಟರೆ ತಿಂಗಳಿಗೆ ₹1,200ರ ದಾನ ಮಾಡಿದ ಹಾಗೆ, ಅದೂ ಅವರ ಹಕ್ಕಿನ ಹಣವೇ.

ಜಮಾ_ಖರ್ಚು (ಮೈಸೂರು)

ವಾರದ ಸಂಘದ ಸಾಲದ ಬಗ್ಗೆ ಒಂದು ಎಚ್ಚರಿಕೆ. ಕಂತು ಕಟ್ಟಲು ನಿಧಿಯಿಂದ ನಗದು ಕೊಟ್ಟರೆ ಮುಂದಿನ ವಾರವೂ ಅದೇ. ಮನೆಯಲ್ಲಿರುವ ಎಲ್ಲ ಸಾಲದ ಪುಸ್ತಕ ಮುಂದಿಟ್ಟುಕೊಂಡು ಯಾವುದು ನೋಂದಾಯಿತ ಸಂಸ್ಥೆಯದು, ಯಾವುದು ಮೀಟರ್ ಬಡ್ಡಿ ಎಂದು ಬೇರ್ಪಡಿಸಿ. ಮನೆಮುಂದೆ ಕೂತು ಕಿರುಕುಳ ಕೊಡುವುದನ್ನು ತಡೆಯಲು ರಾಜ್ಯದಲ್ಲಿ 2025ರಿಂದ ಕಾನೂನಿದೆ, ಅಂಥದ್ದಾದರೆ ಠಾಣೆಗೆ ಜೊತೆಯಲ್ಲಿ ಹೋಗಿ. ನಿಧಿಯಿಂದ ಕೊಡುವುದೇ ಆದರೆ ಒಂದು ಸಾಲವನ್ನು ಪೂರ್ತಿ ಮುಗಿಸುವಂತೆ ಕೊಡಿ, ತೀರುವಳಿ ಪತ್ರ ಪಡೆಯಿರಿ. ಐದು ಕಡೆ ಚೂರುಚೂರು ಕಟ್ಟಿದರೆ ಒಂದೂ ತೀರುವುದಿಲ್ಲ.

ಪಾಲಹಳ್ಳಿ_ದಾರಿ

ಗಂಜಾಂ, ಶ್ರೀರಂಗಪಟ್ಟಣದ ಕಡೆಯವರಾದ್ದರಿಂದ ಒಂದು ಮಾತು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಫಾದರ್ ದುಬುವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು, ಚದುರಿಹೋದ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತರು. ಗಂಜಿಯ ಜೊತೆಗೆ ದುಡಿಮೆಯ ದಾರಿಯನ್ನೂ ನೋಡಿದರು. ವರ್ಷಕ್ಕೆ ಒಂದು ಮನೆಗಾದರೂ ಹೊಲಿಗೆ ಯಂತ್ರವೋ, ತಳ್ಳುಗಾಡಿಯೋ, ಎರಡು ಮೇಕೆಯೋ ಕೊಡುವ ಯೋಚನೆ ಇರಲಿ. ಹೊಲಿಗೆ ಯಂತ್ರ ಕೊಟ್ಟು ಮೂಲೆ ಸೇರುವುದು ಎರಡು ಕಾರಣಕ್ಕೆ: ಕಲಿಯುವ ಮೊದಲೇ ಕೊಡುವುದು, ಬಟ್ಟೆ ಯಾರು ತಂದುಕೊಡುತ್ತಾರೆ ಎಂದು ನೋಡದಿರುವುದು.

ಹಾರ್ಡಿಂಜ್_ವೃತ್ತ

ಕ್ರೈಸ್ತರಲ್ಲದವರಿಗೂ ಕೊಡಬೇಕೇ? ಗಲಾತ್ಯ 6:10ರಲ್ಲಿ ಮುಖ್ಯವಾಗಿ ಒಂದೇ ನಂಬಿಕೆಯ ಮನೆಯವರಿಗೆ ಎಂದಿದೆಯಲ್ಲ?

ಅಯ್ಯನವರು_ಮಂಡ್ಯ

ಅದೇ ವಾಕ್ಯದ ಮೊದಲ ಭಾಗ "ಎಲ್ಲರಿಗೂ" ಎಂದಿದೆ. ಮುಖ್ಯವಾಗಿ ಎಂದರೆ ಮೊದಲು, ಅವರಿಗೆ ಮಾತ್ರ ಎಂದಲ್ಲ. ಮತ್ತಾಯ 25ರಲ್ಲಿ ಹಸಿದವನ ಕುಲ, ಮತ ಯಾರೂ ಕೇಳಲಿಲ್ಲ. ಯೇಸುಸ್ವಾಮಿ ಹೇಳಿದ ಕಥೆಯಲ್ಲಿ ಗಾಯಗೊಂಡವನನ್ನು ಎತ್ತಿದ ಸಮಾರ್ಯನಂತೂ ಬೇರೆ ಜನಾಂಗದವನೇ. ನಿಧಿಯ ನಿಯಮದಲ್ಲೇ ಬರೆಯಿರಿ: ಬೀದಿಯ ಯಾವ ಮನೆಯಾದರೂ ಸರಿ, ಕೊರತೆಯೇ ಅಳತೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಗಟ್ಟಿಯಾಗಿ ಹೇಳಬೇಕು. ಕೊಡುವ ಜೊತೆಗೆ ಕರಪತ್ರ ಇಡಬೇಡಿ, ಭಾನುವಾರ ಬನ್ನಿ ಎನ್ನಬೇಡಿ, ಪ್ರಾರ್ಥನೆ ಮಾಡಿಯೇ ಚೀಟಿ ಕೊಡುವ ಪದ್ಧತಿ ಬೇಡ. ಅವರೇ ಪ್ರಾರ್ಥಿಸಿ ಎಂದು ಕೇಳಿದರೆ ಪ್ರಾರ್ಥಿಸಿ. ಕಥೋಲಿಕ ಸಭೆ 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ಬಡವರ, ಓದುಬರಹ ತಿಳಿಯದವರ ವಿಷಯದಲ್ಲಿ ಒತ್ತಾಯದ ಸುಳಿವೂ ಇರಬಾರದು ಎಂದಿದೆ. 2005ರಲ್ಲಿ ಪೋಪ್ 16ನೇ ಬೆನೆಡಿಕ್ಟರ ಪತ್ರವೂ ಪ್ರೀತಿಯ ಸೇವೆ ಉಚಿತ, ಬೇರೊಂದು ಗುರಿಗೆ ಸಾಧನವಲ್ಲ ಎನ್ನುತ್ತದೆ. ಪ್ರೊಟೆಸ್ಟೆಂಟರಾದ ನಾವೂ ಇದನ್ನು ಮನಸಾರೆ ಒಪ್ಪುತ್ತೇವೆ. ಹಸಿದವನ ಮುಂದೆ ಷರತ್ತಿಟ್ಟರೆ ಅವನ "ಹೌದು"ಗೆ ಬೆಲೆಯಿಲ್ಲ, ನಮ್ಮ ದಾನಕ್ಕೂ ಇಲ್ಲ.

ಕಾವೇರಿ_ದಂಡೆ (ಶ್ರೀರಂಗಪಟ್ಟಣ)

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಋಣಿ. ಇನ್ನೆರಡು. ದೊಡ್ಡ ಮೊತ್ತ ಕೊಡುವವರು ಹಂಚುವ ಫೋಟೋ ಕೇಳುತ್ತಾರೆ. ಮತ್ತೆ, ಹಬ್ಬದ ಊಟವನ್ನು ಏನು ಮಾಡುವುದು?

ಮಂಡ್ಯದಕ್ಕ

ಫೋಟೋ ಬೇಡವೇ ಬೇಡ, ಬೆನ್ನು ತೋರಿಸಿದ್ದೂ ಬೇಡ, ಊರಲ್ಲಿ ಸೀರೆ ನೋಡಿಯೇ ಗುರುತು ಹಿಡಿಯುತ್ತಾರೆ. ಬದಲಿಗೆ ಮೂರು ತಿಂಗಳಿಗೊಮ್ಮೆ ಒಂದು ಹಾಳೆ ಕೊಡಿ: ಬಂದದ್ದು ಇಷ್ಟು, 9 ಮನೆಯ ದಿನಸಿಗೆ ಇಷ್ಟು, ಔಷಧಿಗೆ ಇಷ್ಟು, ಉಳಿದದ್ದು ಇಷ್ಟು. ಅದನ್ನೇ ನೋಟೀಸ್ ಬೋರ್ಡಿಗೂ ಹಾಕಿ. ಎಡಗೈಗೆ ತಿಳಿಯದ ಹಾಗೆ ಕೊಡು ಎಂದವರು ಯೇಸುಸ್ವಾಮಿ (ಮತ್ತಾಯ 6:3), ಆ ಮಾತನ್ನು ನಯವಾಗಿ ನೆನಪಿಸಿದರೆ ಹೆಚ್ಚಿನ ದಾನಿಗಳು ಒಪ್ಪುತ್ತಾರೆ. ಒಪ್ಪದವರ ಹಣ ಬೇರೆ ಕೆಲಸಕ್ಕೆ ಹೋಗಲಿ.

ಊಟದ ಲೆಕ್ಕ, 100 ಜನಕ್ಕೆ: ಬರೀ ಅನ್ನವಾದರೆ ಅಕ್ಕಿ 12 ಕೆ.ಜಿ., ಮುದ್ದೆಯೂ ಇದ್ದರೆ ರಾಗಿಹಿಟ್ಟು 11 ಕೆ.ಜಿ., ಅಕ್ಕಿ 7. ಸಾರಿಗೆ ಬೇಳೆ 3 ಕೆ.ಜಿ., ತರಕಾರಿ 8, ಮಜ್ಜಿಗೆಗೆ ಮೊಸರು 5 ಲೀಟರ್. ಮುದ್ದೆಯನ್ನು ಒಮ್ಮೆಗೇ ನೂರು ಕಟ್ಟಿಟ್ಟರೆ ಕೊನೆಯ ಪಂಕ್ತಿಗೆ ಗಟ್ಟಿಯಾಗುತ್ತದೆ, ಪಂಕ್ತಿಗೆ ಬೇಕಾದಷ್ಟು ತೊಳಸಿ ಕಟ್ಟಿ. ಬಡವರಿಗೆ ಬೇರೆ ಪಂಕ್ತಿ, ಬೇರೆ ಹೊತ್ತು, ಗೇಟಿನ ಹತ್ತಿರ ಪೊಟ್ಟಣ, ಇವು ಯಾವುದೂ ಬೇಡ. ಕೊರಿಂಥದಲ್ಲಿ ಉಳ್ಳವರು ಮೊದಲು ಉಂಡು ಇಲ್ಲದವರು ಹಸಿದು ಕೂತದ್ದಕ್ಕೇ ಪೌಲರು ಅಷ್ಟು ಕಟುವಾಗಿ ಬರೆದದ್ದು (1 ಕೊರಿಂಥ 11:21-22). ಪರಿಷತ್ತಿನವರೂ ಅದೇ ಪಂಕ್ತಿಯಲ್ಲಿ ನಡುನಡುವೆ ಕೂರಲಿ, ಬಡಿಸುವವರಲ್ಲಿ ಚೀಟಿ ಪಡೆಯುವ ಮನೆಯವರೂ ಇರಲಿ.

ಸಂತೇಪೇಟೆ_ದಿನಸಿ

ಶುರುಮಾಡುವ ಮೊದಲು ಅಂಗಡಿಯವರಿಗೆ ಒಂದು ತಿಂಗಳ ಮುಂಗಡ ಕೊಟ್ಟುಬಿಡಿ. ನಿಮ್ಮ ಪಾವತಿ ಹತ್ತು ದಿನ ತಡವಾದರೂ ಅವರು ಚೀಟಿ ತಂದ ತಾಯಿಯನ್ನು "ಚರ್ಚಿನವರು ದುಡ್ಡು ಕಟ್ಟಿಲ್ಲ" ಎಂದು ನಾಲ್ಕು ಜನರ ಮುಂದೆ ತಿರುಗಿ ಕಳಿಸಬಾರದು.

ಕಾವೇರಿ_ದಂಡೆ (ಶ್ರೀರಂಗಪಟ್ಟಣ)

ಸರಿ ಅಣ್ಣ, ಮುಂಗಡದ ಮಾತನ್ನು ಠರಾವಿನಲ್ಲೇ ಸೇರಿಸುತ್ತೇವೆ. ಬೇರೆ ಖಾತೆಗೆ ಅರ್ಜಿ ಸೋಮವಾರ. ಭೇಟಿಗೆ ನಾಲ್ಕು ಜೋಡಿ ಹೆಸರು ಬಂದಿವೆ, ಕೂಲಿ ಮನೆಯ ಇಬ್ಬರು ಸಮಿತಿಗೆ ಒಪ್ಪಿದ್ದಾರೆ.